ಜೋಮು ಹಿಡಿದ ಕಾಲಿಗೆ ಉಪ್ಪಿನ ಶಾಖ

1977ರ ಆಗಸ್ಟ್‌ನಲ್ಲಿ ಕಲ್ಕತ್ತೆಯ ಒಂದು ನರ್ಸಿಂಗ್ ಹೋಮಿನಲ್ಲಿ ನನ್ನ ಬಲಗಾಲಿನ ಹೆಬ್ಬೆರಳ ಉಗುರು ಕಿತ್ತು ಕೀವು ತೆಗೆದರು. ಅದೇ ಸಂಜೆ, ಅದೇ ಕಾಲಿನ ಹಿಮ್ಮಡಿ ಮನೆಯಲ್ಲಿ ಸುಟ್ಟುಹೋಯಿತು.

ನನಗೆ ಗೊತ್ತಾಗಲಿಲ್ಲ.

ಶುರುವಾದದ್ದು ಗರಿಯಾಹಾಟ್‌ನ ಮಾರುಕಟ್ಟೆ ಬೀದಿಯ ನೀರಿನಿಂದ. ಮಳೆ ಬಂದರೆ ಅಲ್ಲಿ ಚರಂಡಿಯೂ ರಸ್ತೆಯೂ ಒಂದೇ. ಬ್ಯಾಂಕಿಗೆ ಹೋಗುವ ಬಸ್ ಹಿಡಿಯಲು ಆ ಕಪ್ಪು ನೀರಿನಲ್ಲಿ ನಡೆದೆ. ಮೀನಿನ ಕರುಳು, ಕೊಳೆತ ಸೊಪ್ಪು ಕಾಲಿಗೆ ಸುತ್ತಿಕೊಂಡವು. ಒಳಕ್ಕೆ ಬೆಳೆದಿದ್ದ ಉಗುರಿನ ಸಂದಿಯಲ್ಲಿ ಕೀವು ಕಟ್ಟಿತು. ನನಗೆ ಸಕ್ಕರೆ ಕಾಯಿಲೆ ಇದೆ. ಬೆರಳಿನ ನಾತಕ್ಕೆ ನನಗೇ ಊಟ ಸೇರುತ್ತಿರಲಿಲ್ಲ.

"ತಡಮಾಡಿದರೆ ಬೆರಳಲ್ಲ, ಪಾದವೇ ಹೋಗುತ್ತದೆ" ಎಂದರು ಸರ್ಜನ್.

ಕೀವಿರುವಲ್ಲಿ ಮದ್ದು ಸರಿಯಾಗಿ ಹಿಡಿಯುವುದಿಲ್ಲವೆಂದು ಕಣಕಾಲಿನ ಸುತ್ತ ಇಂಜೆಕ್ಷನ್ ಚುಚ್ಚಿದರು. ಸಿರಿಂಜಿನಲ್ಲಿ ಎರಡು ಮದ್ದು ಬೆರೆಸಿದ್ದರು: ಒಂದು ಬೇಗ ಹಿಡಿಯುವುದು, ಇನ್ನೊಂದು ಬಹಳ ಹೊತ್ತು ನಿಲ್ಲುವುದು. "ರಾತ್ರಿಯವರೆಗೆ ನೋವಿಲ್ಲ, ದಾದಾ. ಸ್ಪರ್ಶ ತಿಳಿಯುವವರೆಗೆ ನಡೆಯಬೇಡಿ." ಬಿಸಿಯ ಮಾತು ಅವರು ಎತ್ತಲಿಲ್ಲ. ನಾನೂ ಕೇಳಲಿಲ್ಲ. ಉಗುರು ಈಚೆ ಬಂತು, ಅದರ ಹಿಂದೆ ಹಳದಿ ಕೀವು. ಯಾರದೋ ಮಾಂಸ ನೋಡಿದಂತೆ ನೋಡಿದೆ.

ಮನೆಯಲ್ಲಿ, ಉಡುಪಿಯಿಂದ ಬಂದಿದ್ದ ಅತ್ತೆ, ನನ್ನ ಹೆಂಡತಿಯ ತಾಯಿ, ಪಾದ ಮುಟ್ಟಿದರು.

"ಗೊತ್ತಾಗ್ತದಾ?"

"ಇಲ್ಲ."

"ಇಡೀ ಪಾದ ಜೋಮು ಹಿಡಿದುಂಟು. ನಿಮ್ಮ ಡಾಕ್ಟ್ರಿಗೆ ಕೊಯ್ಯುದು ಮಾತ್ರ ಗೊತ್ತುಂಟಾ?"

ಜೋಮಿಗೆ ನಮ್ಮ ಕಡೆ ಉಪ್ಪು ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ ಶಾಖ ಕೊಡುತ್ತಾರೆ. ಕೊಡುವವರು ಒತ್ತುತ್ತಲೇ ಇರುತ್ತಾರೆ. ಪಡೆಯುವವನು ಸುಡುತ್ತದೆ ಎಂದಾಗ ಎತ್ತುತ್ತಾರೆ.

"ಸುಟ್ರೆ ಹೇಳಿ, ಆಯ್ತಾ?"

"ಆಯ್ತು" ಎಂದೆ. ಪೇಪರ್ ಬಿಡಿಸಿಕೊಂಡು ಕೂತೆ.

ಮಗಳು ಒಳಗಿನಿಂದ ಮೂಗು ಮುಚ್ಚಿಕೊಂಡು ಬಂದಳು. "ಅಜ್ಜಿ, ಸಂಥಿಂಗ್ ಈಸ್ ಬರ್ನಿಂಗ್!"

"ಒಲೆ ಆರಿಸಿದ್ದೇನೆ ಮಗಾ."

ಗಂಟು ಎತ್ತಿದಾಗ ಹಿಮ್ಮಡಿಯ ಚರ್ಮ ಬಟ್ಟೆಗೆ ಅಂಟಿಕೊಂಡು ಬಂತು.

ಆ ವಾಸನೆ ನನ್ನದು. ಕೂತಲ್ಲೇ ವಾಂತಿ ಮಾಡಿದೆ. ಕಾಲು ಮಾತ್ರ ಹಾಯಾಗಿತ್ತು. ವಾಸನೆಗಿಂತ ಆ ಹಾಯೇ ಹೆಚ್ಚು ಹೇಸಿಗೆ ತರಿಸಿತು. ನೋವು ಬಂದದ್ದು ಎಲ್ಲರೂ ಮಲಗಿದ ಮೇಲೆ, ಬೆರಳಿಗೂ ಹಿಮ್ಮಡಿಗೂ ಒಟ್ಟಿಗೆ.

ಮರುದಿನ ಸರ್ಜನ್ ಕಾಲಿನ ಪಟ್ಟಿ ಬಿಚ್ಚಿ ನೋಡಿದರು. "ನಾನು ಬೆರಳು ಉಳಿಸಿದೆ, ನೀವು ಹಿಮ್ಮಡಿ ಹುರಿದಿರಾ? ಈಗ ಪಾದದ ಭರವಸೆ ಕೊಡಲಾರೆ."

ಅತ್ತೆ ಬಾಗಿಲ ಬಳಿ ನಿಂತಿದ್ದರು. "ಅವ್ರು ಹೇಳ್ತಾರೆ ಅಂತ ಕಾದೆ" ಎಂದಷ್ಟೇ ಹೇಳಿದರು. ಸರ್ಜನ್‌ಗೆ ಕನ್ನಡ ಬರುವುದಿಲ್ಲ. ನಾನು ಅದನ್ನು ಅವರಿಗೆ ಇಂಗ್ಲಿಷಿನಲ್ಲಿ ಹೇಳಿದೆ.

ಸತ್ತ ಚರ್ಮ ಕತ್ತರಿಸುವಾಗ ಅದೇ ಎರಡು ಮದ್ದಿನ ಇಂಜೆಕ್ಷನ್ ಕೊಟ್ಟರು. ಆ ಸಂಜೆ ಪೂರ್ತಿ ಅತ್ತೆ ನನ್ನ ಕಾಲ ಬಳಿ ಕೂತು, ಯಾರನ್ನೂ ಹತ್ತಿರ ಬಿಡಲಿಲ್ಲ.

ಮೂರು ತಿಂಗಳಾದ ಮೇಲೆ, ಕಳೆದ ವಾರ, ಗಾಯ ಮುಚ್ಚಿತು. ಪಾದ ಉಳಿದಿದೆ. ಹಿಮ್ಮಡಿಯ ಆ ಭಾಗಕ್ಕೆ ಇನ್ನೂ ಬಿಸಿ, ತಂಪು ತಿಳಿಯುವುದಿಲ್ಲ. ನನ್ನ ಸ್ನಾನದ ನೀರಿಗೆ ಮೊದಲು ಅತ್ತೆ ಕೈ ಅದ್ದಿ ನೋಡುತ್ತಾರೆ.