ಏಳು ನಿಮಿಷ ಹಿಂದಿದ್ದ ಗಡಿಯಾರ ಮತ್ತು ಆಲ್ವಿನಾಳ ಮೊಹರು

ಟರ್ಕಿ ಕ್ರೀಕ್ ಕೌಂಟಿಯಲ್ಲಿ ಸೇತುವೆ ಕಟ್ಟಿಸುವುದಿರಲಿ, ಜಲ್ಲಿ ಕೊಳ್ಳುವುದಿರಲಿ, ಮೊದಲು ಆಲ್ವಿನಾ ಕುಬಿಚೆಕ್‌ಳ ಮೇಜನ್ನು ದಾಟಬೇಕಾಗಿತ್ತು. ಆಕೆ ಕೌಂಟಿಯ, ಅಂದರೆ ಅಲ್ಲಿನ ಜಿಲ್ಲಾಡಳಿತದ, ಕಾರ್ಯದರ್ಶಿ. ಇಪ್ಪತ್ತೊಂಬತ್ತು ವರ್ಷಗಳಿಂದ ಅದೇ ಕುರ್ಚಿ, ಅದೇ ಮೇಜು. ಮೇಜಿನ ಮೇಲೊಂದು ಹಸಿರು ಬಣ್ಣದ ಮೊಹರು ಯಂತ್ರ. ಟೆಂಡರಿನ ಲಕೋಟೆಯನ್ನು ಅದರ ಬಾಯಿಗೆ ಕೊಟ್ಟರೆ ಟಕ್ಕೆಂದು ತಾರೀಖು, ಗಂಟೆ, ನಿಮಿಷಗಳನ್ನು ಒತ್ತಿಬಿಡುತ್ತಿತ್ತು. ದಿನವೂ ಬೆಳಿಗ್ಗೆ ರೇಡಿಯೋ ಕೇಳಿ ಅದರ ಹೊತ್ತನ್ನು ಸರಿಪಡಿಸಿದ ಮೇಲೆಯೇ ಆಲ್ವಿನಾ ಕಾಫಿ ಕುಡಿಯುವುದು.

ಹತ್ತು ಗಂಟೆಯೆಂದರೆ ಹತ್ತು ಗಂಟೆ. ಒಂದು ನಿಮಿಷ ಕಳೆದರೂ ಲಕೋಟೆಯನ್ನು ಒಡೆಯದೆ ಹಿಂತಿರುಗಿಸುವುದು ಆಕೆಯ ನೇಮ. ಅಳುವವರ ಮುಂದೆಯೂ ಅದೇ ಮಾತು, ಬೈಯುವವರ ಮುಂದೆಯೂ ಅದೇ ಮಾತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು ಲೋಕದಲ್ಲಿ ಬಹಳ ಮಂದಿ ಇದ್ದಾರೆ. ಆಲ್ವಿನಾ ಮಾತ್ರ ಆ ಮೂರು ಕಾಲಿಗೂ ಮೊಹರು ಒತ್ತಿಡುವವಳು.

ಆ ಮೊಹರಿನ ಬಿಸಿ ಆಕೆಯ ಮನೆಯವರಿಗೂ ತಟ್ಟಿತ್ತು. ಹನ್ನೆರಡು ವರ್ಷಗಳ ಹಿಂದೆ ಆಕೆಯ ಮೈದುನ ಮಿಲೋ, ಬೆಲ್ ಎಂಬ ಹಳ್ಳದ ಸೇತುವೆಗೆ ಟೆಂಡರು ತಂದಿದ್ದ. ದಾರಿಯಲ್ಲಿ ಲಾರಿಯ ಚಕ್ರ ಪಂಕ್ಚರಾಗಿ, ಕೈಯೆಲ್ಲ ಮಸಿಯಾಗಿ, ಏದುಸಿರು ಬಿಡುತ್ತ ಬಂದವನ ಲಕೋಟೆಯನ್ನು ಯಂತ್ರಕ್ಕೆ ಕೊಟ್ಟರೆ ಹತ್ತು ಗಂಟೆ ಮೂರು ನಿಮಿಷವೆಂದು ಒತ್ತಿತು. ಆಲ್ವಿನಾ ಲಕೋಟೆಯನ್ನು ಅವನ ಕೈಗೇ ಮರಳಿ ಕೊಟ್ಟಳು. ಆ ಸೇತುವೆಯನ್ನೇ ನಂಬಿದ್ದ ಮಿಲೋ ಕಂಬ ಹೂಳುವ ಯಂತ್ರವನ್ನು ಮಾರಿ, ಕಂಟ್ರಾಕ್ಟು ಕೆಲಸವನ್ನೇ ಬಿಟ್ಟ. ಮರುವರ್ಷ ಚುನಾವಣೆಗೆ ನಿಂತು ಕೌಂಟಿ ಮಂಡಳಿಯ ಸದಸ್ಯನಾದ. ಈಗ ಅವನೇ ಅಧ್ಯಕ್ಷ.

ಮಾತು ಬಿಟ್ಟವನಲ್ಲ ಮಿಲೋ. ಬಿಟ್ಟಿದ್ದರೆ ಆಲ್ವಿನಾಳಿಗೆ ಎಷ್ಟೋ ಹಿತವಾಗುತ್ತಿತ್ತು.

"ಅತ್ತಿಗೆ, ಬಾತುಕೋಳಿ ಮೇಜಿಗೆ ಬಂದಿದ್ದು ಮೂರು ನಿಮಿಷ ತಡ ಆಯ್ತಲ್ಲ," ಎನ್ನುತ್ತಿದ್ದ ಕ್ರಿಸ್ಮಸ್ ಊಟದಲ್ಲಿ. "ನಿಯಮದ ಪ್ರಕಾರ ಒಳಕ್ಕೆ ವಾಪಸ್ ಕಳಿಸ್ಬೇಕೋ, ತಿನ್ಬೋದೋ?"

"ತಿನ್ನೋದಾದ್ರೆ ತಿನ್ನು, ಇಲ್ಲಾಂದ್ರೆ ತಟ್ಟೆ ಈ ಕಡೆ ಕೊಡು," ಎನ್ನುತ್ತಿದ್ದಳು ಆಲ್ವಿನಾ.

ಎಲ್ಲರೂ ನಗುತ್ತಿದ್ದರು. ಆದರೆ ಮೊದಲೆಲ್ಲ ಪ್ರತಿ ಆಗಸ್ಟಿನಲ್ಲಿ ತನ್ನ ಹೊಲದ ಎಳೆಯ ಸಿಹಿಜೋಳವನ್ನು ಚೀಲದ ತುಂಬ ತಂದು ಅತ್ತಿಗೆಯ ಬಾಗಿಲಲ್ಲಿ ಇಡುತ್ತಿದ್ದವನು, ಆ ಸೇತುವೆಯ ವರ್ಷದಿಂದ ಒಂದು ತೆನೆಯನ್ನೂ ತಂದಿರಲಿಲ್ಲ. ಆಲ್ವಿನಾ ಅಂಗಡಿಯಿಂದಲೇ ಜೋಳ ತರುತ್ತಿದ್ದಳು. ಬೇಯಿಸುವಾಗಲೆಲ್ಲ, "ನಾನು ಮಾಡಿದ್ದು ಸರಿಯೇ," ಎಂದು ಪಾತ್ರೆಗೆ ಹೇಳುತ್ತಿದ್ದಳು.

ಇನ್ನು ಕೋರ್ಟು ಕಟ್ಟಡದ ಗೋಪುರದ ಗಡಿಯಾರದ ಸಂಗತಿ. ಮೂವತ್ತು ವರ್ಷಗಳ ಹಿಂದೆ ಆಲಿಕಲ್ಲು ಮಳೆ ಬಿದ್ದಾಗಿನಿಂದ ಅದು ಏಳು ನಿಮಿಷ ಹಿಂದೆ. ಮುಳ್ಳನ್ನು ಮುಂದಕ್ಕೆ ತಳ್ಳಿದರೆ ಚಕ್ರದ ಸವೆದ ಹಲ್ಲು ಜಾರಿ, ಮತ್ತೆ ಏಳು ನಿಮಿಷ ಹಿಂದಕ್ಕೇ ಬಂದು ಕೂರುತ್ತಿತ್ತು. ಊರು ಅದಕ್ಕೆ ಒಗ್ಗಿಹೋಗಿತ್ತು. ಪಾದ್ರಿಗಳು ಪ್ರಾರ್ಥನೆಯನ್ನೂ, ಹೆಡ್‌ಮಾಸ್ತರರು ಶಾಲೆಯ ಗಂಟೆಯನ್ನೂ ಅದಕ್ಕೇ ಹೊಂದಿಸಿಕೊಂಡಿದ್ದರು. ಅದಕ್ಕೆ ಕೀಲಿ ಕೊಡುತ್ತಿದ್ದವನು ಎಮಿಲ್ ಹ್ರುಷ್ಕಾ ಎಂಬ ಎಪ್ಪತ್ತೆಂಟರ ಮುದುಕ. ವಾರಕ್ಕೆರಡು ಸಲ ತೊಂಬತ್ತಾರು ಮೆಟ್ಟಿಲು ಹತ್ತಿ, ಎಣ್ಣೆ ಬಿಟ್ಟು, ಅದರೊಡನೆ ನಾಲ್ಕು ಮಾತಾಡಿ ಇಳಿಯುತ್ತಿದ್ದ.

ಆ ವರ್ಷ ಮಂಡಳಿಯವರು ಗಡಿಯಾರವನ್ನು ರಿಪೇರಿ ಮಾಡಿಸಲು ಟೆಂಡರು ಕರೆದರು. ಆಗಸ್ಟ್ ತಿಂಗಳ ಒಂದು ಮಂಗಳವಾರ, ಬೆಳಿಗ್ಗೆ ಹತ್ತಕ್ಕೆ ಗಡುವು. ಒಮಾಹಾ ನಗರದಿಂದ ಬಂದ ಕಂಪನಿಯ ಮನುಷ್ಯ ಒಂಬತ್ತೂವರೆಗೇ ಲಕೋಟೆ ಕೊಟ್ಟು, ಗೋಪುರದ ಕೆಳಗೇ ಸೇರಿದ್ದ ಮಂಡಳಿಯ ಸಭೆಯಲ್ಲಿ ಕಾಲಮೇಲೆ ಕಾಲು ಹಾಕಿ ಕುಳಿತಿದ್ದ. ಹಳೆಯ ಹಿತ್ತಾಳೆಯ ಚಕ್ರಗಳನ್ನೆಲ್ಲ ಕಿತ್ತೆಸೆದು ಕರೆಂಟಿನ ಮೋಟಾರು ಕೂರಿಸುವುದು ಅವನ ಯೋಜನೆ. ಹತ್ತಾಯಿತು. ಬೇರೆ ಲಕೋಟೆ ಬರಲಿಲ್ಲ. ಆಲ್ವಿನಾ ಮೊಹರು ಯಂತ್ರವನ್ನೂ ಕತ್ತರಿಯನ್ನೂ ಸಭೆಗೆ ತಂದಿಟ್ಟು, ಲಕೋಟೆ ಒಡೆಯಬೇಕು, ಅಷ್ಟರಲ್ಲಿ ಬಾಗಿಲು ತೆರೆದು ಎಮಿಲ್ ತಾತ ಒಳಗೆ ಬಂದ. ಅಂಗಿಯೆಲ್ಲ ಎಣ್ಣೆ, ಕೈಯಲ್ಲಿ ಲಕೋಟೆ.

ಯಂತ್ರ ಟಕ್ಕೆಂದಿತು: ಹತ್ತು ಗಂಟೆ ನಾಲ್ಕು ನಿಮಿಷ.

"ತಡ ಆಯ್ತು ತಾತ," ಎಂದಳು ಆಲ್ವಿನಾ. "ತಗೊಳ್ಳೋಕಾಗಲ್ಲ."

"ಎಂಥ ತಡ? ಗಡಿಯಾರದ ಪಕ್ಕದಲ್ಲೇ ನಿಂತು ನೋಡ್ಕೊಂಡು ಇಳಿದು ಬಂದಿದೀನಿ. ಇನ್ನೂ ಮೂರು ನಿಮಿಷ ಇದೆ."

"ಗೋಪುರದ ಗಡಿಯಾರ ಹಿಂದಿದೆ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

"ಗೊತ್ತಮ್ಮಾ. ಆದ್ರೆ ಬರೆದಿರೋಳು ನೀನೇ ಅಲ್ವಾ?" ಎಂದು ಮುದುಕ ಜೇಬಿನಿಂದ ವಾರಪತ್ರಿಕೆಯ ತುಂಡೊಂದನ್ನು ತೆಗೆದು ಮೇಜಿನ ಮೇಲೆ ಹರವಿದ. ಕೌಂಟಿಯ ಪ್ರಕಟಣೆಗಳನ್ನು ಓದುತ್ತಿದ್ದವನು ಇಡೀ ಊರಿನಲ್ಲಿ ಅವನೊಬ್ಬನೇ. ಆಲ್ವಿನಾ ಕನ್ನಡಕ ಏರಿಸಿ ನೋಡಿದಳು: "ಕೋರ್ಟು ಕಟ್ಟಡದ ಗಡಿಯಾರದಲ್ಲಿ ಹತ್ತು ಗಂಟೆ ಹೊಡೆಯುವುದರೊಳಗಾಗಿ."

ಊರಿಗೆಲ್ಲ ಒಂದೇ ಗಡಿಯಾರವಿದ್ದ ಕಾಲದಲ್ಲಿ ಯಾರೋ ಬರೆದಿಟ್ಟ ಒಕ್ಕಣೆ. ಇಪ್ಪತ್ತೊಂಬತ್ತು ವರ್ಷವೂ ಆಲ್ವಿನಾ ಒಂದಕ್ಷರ ತಪ್ಪದೆ ಅದನ್ನೇ ಬೆರಳಚ್ಚು ಮಾಡಿದ್ದಳು. ಬೆರಳು ಬರೆದದ್ದನ್ನು ಕಣ್ಣು ಒಮ್ಮೆಯೂ ಓದಿರಲಿಲ್ಲ.

"ನನ್ನ ಗಡಿಯಾರದಲ್ಲಿ ಹತ್ತೂ ಐದು," ಎಂದ ಕಂಪನಿಯವನು. "ನಿಮ್ಮ ಮೊಹರೂ ತಡ ಅಂತಾನೇ ಹೇಳ್ತಿದೆಯಲ್ಲ ಮೇಡಂ?"

ನಿಜ. ಮೊಹರೇ ನಿಯಮ ಎಂದುಬಿಟ್ಟರೆ ಅಲ್ಲಿಗೆ ಮುಗಿಯಿತು; ಮರುಮಾತಾಡುವವರಿಲ್ಲ. ಚಕ್ರಗಳು ಗುಜರಿಗೆ ಹೋಗುತ್ತವೆ, ಮುದುಕ ಮನೆಗೆ ಹೋಗುತ್ತಾನೆ, ಆಲ್ವಿನಾ ಎಂದಿನಂತೆ ಸರಿಯಾಗಿಯೇ ಉಳಿಯುತ್ತಾಳೆ. ಪ್ರಕಟಣೆಯೇ ನಿಯಮ ಎಂದರೆ? ಆಕೆ ಮೆಲ್ಲನೆ ತಲೆಯೆತ್ತಿದಳು. ಅಧ್ಯಕ್ಷರ ಕುರ್ಚಿಯಲ್ಲಿ ಮಿಲೋ ಕುಳಿತಿದ್ದ. ಹತ್ತು ಗಂಟೆ ಮೂರು ನಿಮಿಷದ ಮಿಲೋ. ಅಂದು ಗೋಪುರದಲ್ಲಿ ಹತ್ತಕ್ಕೆ ಇನ್ನೂ ನಾಲ್ಕು ನಿಮಿಷವಿತ್ತು.

ಅಷ್ಟರಲ್ಲಿ ತಲೆಯ ಮೇಲೆ ಗಂಟೆ ಹೊಡೆಯತೊಡಗಿತು. ಹತ್ತು ಪೆಟ್ಟು. ಕಿಟಕಿಯ ಗಾಜು ಅದುರಿತು.

"ಎಮಿಲ್ ಹ್ರುಷ್ಕಾ ಅವರ ಲಕೋಟೆ ಗಡುವಿಗೆ ಮುಂಚೆ ಬಂದಿದೆ," ಎಂದಳು ಆಲ್ವಿನಾ. "ಪ್ರಕಟಣೇಲಿ ಏನಿದೆಯೋ ಅದೇ ಹೊತ್ತು. ಇನ್ನೊಂದು ಮಾತು. ಬೆಲ್ ಹಳ್ಳದ ಸೇತುವೆ ಟೆಂಡರಿನ ಪ್ರಕಟಣೇಲೂ ಇದೇ ಒಕ್ಕಣೆ ಇತ್ತು. ಅವತ್ತು ವಾಪಸ್ ಕೊಟ್ಟ ಲಕೋಟೆ ತಡ ಆಗಿರ್ಲಿಲ್ಲ. ತಪ್ಪು ನಂದು."

ಮಿಲೋ ಪೆನ್ಸಿಲನ್ನು ಹೊರಳಿಸಿ ಮೇಜಿನ ಮೇಲಿಟ್ಟ. ಚುಚ್ಚುಮಾತೊಂದು ಬಂದೇ ಬರುವುದೆಂದು ಕಾಯುತ್ತಲೇ ಆಲ್ವಿನಾ ಪೆನ್ನು ಕೈಗೆತ್ತಿಕೊಂಡಳು.

"ನಡವಳಿ ಪುಸ್ತಕದಲ್ಲಿ ಬರ್ಕೊಳ್ಳಿ ಅತ್ತಿಗೆ," ಎಂದ ಮಿಲೋ.

"ಬರೀತಿದೀನಿ."

"ದೊಡ್ಡಕ್ಷರದಲ್ಲಿ."

"ಮಾಮೂಲಿ ಅಕ್ಷರದಲ್ಲಿ," ಎಂದಳು ಆಲ್ವಿನಾ. ಅಷ್ಟು ಬಿಗುವು ಉಳಿಯಬೇಕಲ್ಲ.

ಲಕೋಟೆಗಳನ್ನು ಒಡೆದರು. ಕಂಪನಿಯದು ನಾಲ್ಕು ಸಾವಿರದ ಎಂಟುನೂರು ಡಾಲರು. ಎಮಿಲ್ ತಾತನದು ಒಂದು ಸಾವಿರದ ನೂರನಲವತ್ತು, ಹೊಸ ಹಲ್ಲಿನ ಚಕ್ರವನ್ನು ತಾನೇ ಕೊರೆದು ಕೂರಿಸುವ ಕೂಲಿಯೂ ಸೇರಿ. ಕೆಲಸ ಅವನಿಗೇ ಆಯಿತು. ಗಡಿಯಾರ ಸರಿಯಾದ ಮೊದಲ ಭಾನುವಾರ, ಹಳೆಯ ಹೊತ್ತಿಗೇ ಒಗ್ಗಿದ್ದ ಊರಿಗೆ ಊರೇ ಇಗರ್ಜಿಗೆ ಏಳು ನಿಮಿಷ ತಡವಾಗಿ ಹೋಗಿ ಪಾದ್ರಿಗಳ ಕೈಲಿ ಬೈಸಿಕೊಂಡಿತು ಎನ್ನುವುದು ಮುಂದಿನ ಮಾತು.

ಸಭೆಯ ಮಾರನೆಯ ದಿನ ಬೆಳಿಗ್ಗೆ ಆಲ್ವಿನಾಳ ಮೇಜಿನ ಮೇಲೆ ದೊಪ್ಪನೆ ಒಂದು ಗೋಣಿಚೀಲ ಬಿತ್ತು. ಬಾಯಿಂದ ಹಸಿರು ಸಿಪ್ಪೆಯ ಜೋಳದ ತೆನೆಗಳು ಇಣುಕುತ್ತಿದ್ದವು.

"ಮೊಹರು ಹೊಡೀರಿ ಅತ್ತಿಗೆ," ಎಂದ ಮಿಲೋ, ಟೋಪಿ ತೆಗೆಯುತ್ತ.

ಆಲ್ವಿನಾ ಚೀಲದ ಅಂಚನ್ನು ಯಂತ್ರದ ಬಾಯಿಗೆ ತುರುಕಿ ಟಕ್ಕೆನಿಸಿದಳು. ಒತ್ತಿದ್ದನ್ನು ಕನ್ನಡಕದ ಮೇಲಿನಿಂದ ನೋಡಿದಳು.

"ಹನ್ನೆರಡು ವರ್ಷ ತಡ," ಎಂದಳು. "ನಿಯಮದ ಪ್ರಕಾರ ಒಡೀದೆ ವಾಪಸ್ ಕೊಡ್ಬೇಕು."

"ಮತ್ತೆ?"

"ಸಂಜೆ ಊಟಕ್ಕೆ ಬಾ," ಎನ್ನುತ್ತ ಆಲ್ವಿನಾ ಚೀಲವನ್ನು ಮೇಜಿನ ಕೆಳಗೆ ಎಳೆದುಕೊಂಡಳು.