ಅಜ್ಜಿ ಕಟ್ಟಿಟ್ಟ ಹಸಿರು ಗಂಟು

ಅಮ್ಮಿ ಹಸಿರು ಬಟ್ಟೆಯ ಗಂಟು ಬಿಚ್ಚಿದೊಡನೆ ಆ ಹಿರಿಯರು ಕುರ್ಚಿಯಿಂದ ಎದ್ದು ನಿಂತರು. ಬೆಳಗಾವಿಯಲ್ಲಿ ಬೆಳೆದ ಯಹೂದಿ ಧರ್ಮಗುರು ಅವರು. ಈ ಸೀಮೆಯಲ್ಲಿ ಬಾಳಿದ ತಮ್ಮವರ ಕಾಗದಪತ್ರ ಹುಡುಕುತ್ತ ಮುದ್ದೇಬಿಹಾಳದ ನಮ್ಮ ಮನೆಗೆ ಬಂದಿದ್ದರು. ಹಿಂದೆ ನಮ್ಮಲ್ಲಿ ಬಾಡಿಗೆಗಿದ್ದ ಯಹೂದಿ ಓವರ್ಸಿಯರ್ ತೀರಿಕೊಂಡಾಗ, ಅವರ ಹರಿದ ಪ್ರಾರ್ಥನೆ ಪುಸ್ತಕವನ್ನು ಅಜ್ಜಿ, ಮಣ್ಣಲ್ಲಿ ಹೂಳಲೆಂದು ತೆಗೆದಿಟ್ಟ ನಮ್ಮ ಕುರಾನಿನ ಹಳೇ ಹಾಳೆಗಳ ಜೊತೆಗೇ ಕಟ್ಟಿಟ್ಟಿದ್ದಳು.

“ದೇವರ ಹೆಸರು ಐತಿ ಅಂತ ಒಲಿಗೆ ಹಾಕಲಿಲ್ರಿ. ನಿಮ್ಮದು, ಒಯ್ರಿ,” ಎಂದರು ಅಮ್ಮಿ.

ಕೊನೆಯ ಪುಟದಲ್ಲಿದ್ದ ಓವರ್ಸಿಯರರ ಮನೆಮಂದಿಯ ಹೆಸರುಗಳನ್ನು ಬರೆದುಕೊಂಡು ಗುರುಗಳು ಪುಸ್ತಕವನ್ನು ಗಂಟಿಗೇ ಮರಳಿಸಿದರು. “ದೇವರ ಹೆಸರಿರೋ ಹರಿದ ಪುಸ್ತಕ ನಾವೂ ಮಣ್ಣಾಗ ಹೂಳತೇವ್ರಿ, ತಾಯಿ. ನಿಮ್ಮ ಹಾಳಿ ಜೋಡಿನೇ ಇರಲಿ.”

ಸಂಜೆ ಅಜ್ಜಿಯ ಗೋರಿಯ ಬಳಿ ನಾನು ಗುಂಡಿ ತೋಡಿದೆ; ಗುರುಗಳು ಗಂಟು ಹಿಡಿದು ಪಕ್ಕದಲ್ಲಿ ನಿಂತಿದ್ದರು. ಪುಸ್ತಕದ ರಟ್ಟಿಗೆ ಕುರಾನಿನ ಕೆಲವು ಹಾಳೆಗಳು ಅಂಟಿಕೊಂಡಿದ್ದವು. ಅವರೂ ಬಿಡಿಸಲಿಲ್ಲ, ನಾನೂ ಬಿಡಿಸಲಿಲ್ಲ.