ದಪ್ಪ ಪುಸ್ತಕಗಳ ದಾರದಕ್ಕ

ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ಹರಿದ ಪುಸ್ತಕ ಹೊಲಿಯುತ್ತಿದ್ದ ಹೆಂಗಸನ್ನು ಎಲ್ಲರೂ ದಾರದಕ್ಕ ಎಂದೇ ಕರೆಯುತ್ತಿದ್ದರು. ಆಕೆ ಶಾಲೆಗೆ ಹೋದದ್ದು ನಾಲ್ಕೇ ವರ್ಷ. ಉಳಿದ ಓದೆಲ್ಲ ದಬ್ಬಳ ಹಿಡಿದೇ ಆದದ್ದು. ಹೊಲಿಯುವಾಗ ಕಣ್ಣು ಸಾಲಿನ ಮೇಲೆ ಜಾರುತ್ತಿತ್ತು. ಜಾರಿದ ಕಣ್ಣು ಹಿಂದಕ್ಕೆ ಬರುತ್ತಿರಲಿಲ್ಲ, ಅಷ್ಟೇ. ಯಾವ ಪುಸ್ತಕವನ್ನು ಜನ ಓದಿದ್ದಾರೆ, ಯಾವುದನ್ನು ತಲೆದಿಂಬು ಮಾಡಿಕೊಂಡಿದ್ದಾರೆ ಎಂಬುದು ಅದರ ಬೆನ್ನು ಸವರಿದರೆ ಆಕೆಗೆ ತಿಳಿಯುತ್ತಿತ್ತು.

ಅದಕ್ಕೇ, ರಾಜರ ಕಾಲದ ದೊಡ್ಡ ಕಥೆ ಬೇಕೆನ್ನುವವರು ಮುಂದಿನ ಮೇಜು ಬಿಟ್ಟು ಆಕೆಯ ಕಿಟಕಿಗೆ ಬರುತ್ತಿದ್ದರು.

"ಅಕ್ಕಾ, ಸಿನಿಮಾದಲ್ಲಿ ನೋಡ್ತೀವಲ್ಲ, ಸಾವಿರ ಕುದುರೆ, ಮೂರು ತಲೆಮಾರಿನ ಜಗಳ, ಅಂಥದ್ದು ಕೊಡಿ" ಎಂದು ಆಸ್ಪತ್ರೆಯ ನರ್ಸ್ ಕೇಳಿದರೆ, ದಾರದಕ್ಕ ಕನ್ನಡಕವನ್ನು ಮೂಗಿನ ತುದಿಗಿಳಿಸಿ ಒಂದೇ ಪ್ರಶ್ನೆ ಹಾಕುತ್ತಿದ್ದಳು. "ಕುದುರೆ ಮೇಲೆ ಕೂತವನ ಕಥೆ ಬೇಕೋ, ಕುದುರೆಗೆ ಹುಲ್ಲು ಹಾಕಿದವನದೋ?"

ಮೇಲೆ ಕೂತವನದು ಎಂದರೆ, ಉಪ್ಪಿನ ದಾರಿಗಾಗಿ ಎರಡು ರಾಜ್ಯಗಳು ಕಾದಾಡುವ ಕಾದಂಬರಿ. ಹುಲ್ಲು ಹಾಕಿದವನದು ಎಂದರೆ, ಸೈನ್ಯದ ಹಿಂದೆ ಡೇರೆ ಹೊಲಿಯುತ್ತ ನಡೆದ ಒಂದು ಮನೆತನದ ಕಾದಂಬರಿ. ಎರಡೂ ಬೇಕೆನ್ನುವ ಹೊಟ್ಟೆಬಾಕರಿಗೆ ಕೋಟೆ ಪುಸ್ತಕ: ಹನ್ನೊಂದು ತಿಂಗಳ ಮುತ್ತಿಗೆ, ಅದರಲ್ಲಿ ಎಪ್ಪತ್ತು ಪುಟ ಬರೀ ಬಾವಿಯ ನೀರು ಇಳಿಯುವುದು. "ಆ ಎಪ್ಪತ್ತು ಪುಟ ಹಾರಿಸೋರು ನನ್ನ ಕಿಟಕಿಗೆ ಮತ್ತೆ ಬರಬೇಡಿ" ಎಂದೂ ಹೇಳಿ ಕಳಿಸುತ್ತಿದ್ದಳು.

ಮೂರೂ ತಲಾ ಸಾವಿರ ಪುಟ ದಾಟಿದ ಕಾದಂಬರಿಗಳು. ಬಸ್ಸಿನಲ್ಲಿ ನಿಂತು ಓದುವವರ ಕೈ ಬಿದ್ದುಹೋಗುತ್ತದೆಂದು ಆಕೆಯೇ ಒಂದೊಂದನ್ನೂ ಬಿಚ್ಚಿ, ಮೂರು ಭಾಗ ಮಾಡಿ, ಬೇರೆ ಬೇರೆ ರಟ್ಟು ಹಾಕಿದ್ದಳು. ಗ್ರಂಥಾಲಯದ ನಂಬರು ಇದ್ದದ್ದು ಮೊದಲ ಭಾಗಕ್ಕೆ ಮಾತ್ರ. ಅದನ್ನು ಮುಂದಿನ ಮೇಜಿನಲ್ಲಿ ಬರೆಸಿ ಒಯ್ಯಬೇಕು. ಮುಗಿದ ಮೇಲೆ ದಾರದಕ್ಕನ ಕಿಟಕಿಗೆ ಕೊಟ್ಟರೆ ಎರಡನೆಯದು, ಅದೂ ಮುಗಿದರೆ ಮೂರನೆಯದು. ಎಲ್ಲಿಯೂ ಬರೆಯುವ ಗೊಡವೆಯಿಲ್ಲ. "ನಿನ್ನ ನೆನಪೇ ದಾಖಲೆ ಕಣಮ್ಮ" ಎಂದಿದ್ದರು ಹಳೆಯ ಗ್ರಂಥಪಾಲಕರು.

ಅವರು ನಿವೃತ್ತರಾದರು. ಅವರ ಕುರ್ಚಿಗೆ ಬಂದ ಹೊಸ ಅಧಿಕಾರಿ ಒಂದು ಬುಧವಾರ ಪಟ್ಟಿ ಹಿಡಿದು ಹಿಂದಿನ ಕೋಣೆಗೆ ಬಂದ.

"ನೋಡಮ್ಮ, ಎರಡನೇ ಭಾಗ, ಮೂರನೇ ಭಾಗ ಒಂದ್ಸಲಾನೂ ಹೊರಗೆ ಹೋಗಿಲ್ಲ. ಜನ ಮೊದಲನೇದಕ್ಕೇ ಸುಸ್ತು. ಮೂರು ವರ್ಷ ಯಾರೂ ಒಯ್ಯದ್ದು ರದ್ದಿಗೆ ಹೋಗ್ಬೇಕು, ಅದು ನಿಯಮ. ಆಮೇಲೆ ಭಾಗ ಕಳಕೊಂಡ ಮೊದಲನೇದನ್ನೂ ಇಟ್ಕೊಳ್ಳೋ ಹಾಗಿಲ್ಲ, ಅದೂ ನಿಯಮ. ಒಂಬತ್ತೂ ಶನಿವಾರ ಲಾರಿಗೆ ಹಾಕಿ."

ದಾರದಕ್ಕ ಕಿಟಕಿಯ ವ್ಯವಸ್ಥೆಯನ್ನು ವಿವರಿಸಿದಳು. ಮೂರನೆಯ ಭಾಗವೊಂದನ್ನು ತೆಗೆದು, ಹೆಬ್ಬೆರಳು ತಾಗಿ ತಾಗಿ ಕಪ್ಪಾದ ಅಂಚನ್ನು ಆತನ ಮುಖದ ಹತ್ತಿರ ಹಿಡಿದಳು.

"ಬೆರಳಿನ ಕೊಳೆ ದಾಖಲೆ ಆಗಲ್ಲಮ್ಮ" ಎಂದು ಆತ ಮೂಗು ಹಿಂದಕ್ಕೆಳೆದುಕೊಂಡ. "ಈಗಿನೋರಿಗೆ ತೆಳ್ಳಗಿರೋದು ಬೇಕು."

ಆಕೆಗೆ ಮೈಯೆಲ್ಲ ಉರಿದುಹೋಯಿತು. ಬೆನ್ನು ಮುರಿಯುವಷ್ಟು ಸಲ ಜನ ಓದಿದ ಪುಸ್ತಕವನ್ನು ಯಾರೂ ಮುಟ್ಟಿಲ್ಲ ಎನ್ನುತ್ತಾನಲ್ಲ, ಒಂದನ್ನಾದರೂ ಬಿಡಿಸಿ ನೋಡಿದನೇ? ಓದುವವರ ಪರವಾಗಿ ಮಾತಾಡಲು ಇವನಿಗೆ ಬಾಯಿ ಕೊಟ್ಟವರು ಯಾರು? ಮನೆಗೆ ಹೋಗುವ ದಾರಿಯುದ್ದಕ್ಕೂ ಆತನ ಜನ್ಮ ಜಾಲಾಡಿದಳು. ಮನೆಯಲ್ಲಿ ಇಸ್ತ್ರಿ ಮಾಡುತ್ತ ನಿಂತಿದ್ದ ನಾದಿನಿಯ ಮುಂದೆ ಮತ್ತೊಮ್ಮೆ ಮೊದಲಿನಿಂದ ಶುರುಮಾಡಿದಳು.

ನಾದಿನಿ ಒಂದು ಅಂಗಿಯ ಎರಡೂ ತೋಳು ಮುಗಿಸುವವರೆಗೆ ಕೇಳಿಸಿಕೊಂಡಳು. "ಅತ್ತಿಗೆ, ಅದನ್ನ ತುಂಡು ಮಾಡಿದ್ದು ಯಾರು?"

"ನಾನೇ."

"ನಂಬರು ಹಾಕಿಸದೆ ಬಿಟ್ಟಿದ್ದು?"

"ನಾನೇ ಕಣೆ. ಗಾಯಕ್ಕೆ ಉಪ್ಪು ಸವರಬೇಡ."

"ಹಂಗಾದ್ರೆ ಅವನನ್ನ ಬೈದು ಯಾಕೆ ಗಂಟಲು ಒಣಗಿಸ್ಕೋತೀರಿ? ಸೂಜಿ ನಿಮ್ಮ ಕೈಲೇ ಇದೆಯಲ್ಲ."



ಗುರುವಾರ ಬೆಳಿಗ್ಗೆ ಹೋದವಳೇ ದಾರದಕ್ಕ ರಟ್ಟುಗಳನ್ನು ಸುಲಿದು, ಬಿಡಿ ಕಟ್ಟುಗಳನ್ನು ಸಾಲಾಗಿ ಜೋಡಿಸಿ ಹೊಲಿಯಲು ಕುಳಿತಳು. ಉಪ್ಪಿನ ಕಾದಂಬರಿ ಸಂಜೆಗೆ ಒಂದಾಯಿತು, ಡೇರೆಯದು ಶುಕ್ರವಾರ ಮಧ್ಯಾಹ್ನಕ್ಕೆ. ಕೋಟೆಯ ಮೂರನೆಯ ಭಾಗ ಮಾತ್ರ ಅಲ್ಲಿರಲಿಲ್ಲ. ಸ್ಟೇರಿಂಗ್ ಮಾವನ ಹತ್ತಿರ ಇತ್ತು. ಆತ ನಿವೃತ್ತ ಬಸ್ ಡ್ರೈವರು. ಫೋನು ಮಾಡಿದ್ದಕ್ಕೆ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಬಂದ, ಆದರೆ ಕೊಡಲೊಲ್ಲ.

"ಇನ್ನು ನಲವತ್ತು ಪುಟ ಐತೆ. ಕೋಟೆ ಬಾಗ್ಲು ತೆಗಿಯೋ ಹೊತ್ತಲ್ಲಿ ಕೊಡು ಅಂದ್ರೆ ಹೆಂಗಮ್ಮ?"

"ಮಾವ, ನಾಳೆ ಲಾರಿ ಬಂದ್ರೆ ಕೋಟೆನೇ ಇರಲ್ಲ."

"ಹಂಗಾದ್ರೆ ಇಲ್ಲೇ ಮುಗಿಸ್ತೀನಿ. ನೀನು ಮಾತಾಡ್ಸಬೇಡ."

ಆತ ಸ್ಟೂಲಿನ ಮೇಲೆ ಕುಳಿತು ತುಟಿಯಾಡಿಸುತ್ತ ಓದತೊಡಗಿದ. ಆಕೆ ಮೊದಲೆರಡು ಭಾಗ ಹೊಲಿದು, ಅಂಟು ಕಲಸಿ, ದಬ್ಬಳಕ್ಕೆ ದಾರ ಪೋಣಿಸಿ ಕಾದಳು. ನಾಲ್ಕು ಗಂಟೆಯಾಯಿತು, ನಾಲ್ಕೂವರೆಯಾಯಿತು. ಕಸಿದುಕೊಳ್ಳಲು ಕೈ ತುರಿಸುತ್ತಿತ್ತು. ಆದರೆ ಕೊನೆಯ ಪುಟಗಳಲ್ಲಿರುವವನ ಕೈಯಿಂದ ಪುಸ್ತಕ ಕಿತ್ತರೆ ಆ ಅಧಿಕಾರಿಗೂ ತನಗೂ ಏನು ವ್ಯತ್ಯಾಸ? ಐದಕ್ಕೆ ಹತ್ತು ನಿಮಿಷವಿರುವಾಗ ಆತ ಮೂಗೊರೆಸಿಕೊಂಡು ಪುಸ್ತಕ ಚಾಚಿದ. ಏನಾಯಿತೆಂದು ಹೇಳಲಿಲ್ಲ. ಆಕೆಗೆ ಗೊತ್ತಿತ್ತು. ಗ್ರಂಥಾಲಯದ ಬಾಗಿಲು ಹಾಕುವ ಮುಂಚೆ ಹೊಲಿಗೆ ಮುಗಿದು, ಮೂರೂ ಒತ್ತುಯಂತ್ರದ ಕೆಳಗೆ ಸೇರಿದವು.

ಶನಿವಾರ ಲಾರಿ ನಿಂತಿತ್ತು. "ಒಂಬತ್ತು ಇರಬೇಕಿತ್ತಲ್ಲ?" ಎಂದ ಅಧಿಕಾರಿ.

"ಇರೋದು ಮೂರೇ ಸಾರ್. ಕಂಪ್ಯೂಟರಿಗೆ ನಂಬರು ಹಾಕಿ ನೋಡಿ. ಮೂರು ವರ್ಷದಲ್ಲಿ ಎಷ್ಟು ಸಲ ಹೋಗಿದೆ ಅಂತ ನಿಮ್ಮ ಪಟ್ಟಿನೇ ಹೇಳುತ್ತೆ."

ಆತ ಹಾಕಿದ. ನಲವತ್ತೊಂದು, ಮೂವತ್ತಾರು, ಐವತ್ತೆರಡು. ಮತ್ತೊಮ್ಮೆ ಹಾಕಿದ, ಅಷ್ಟೇ ಬಂತು.

"ಇದು ಮೋಸ."

"ಮೂರು ತುಂಡು ಮಾಡಿದ್ದು ನನ್ನ ತಪ್ಪು, ತಿದ್ಕೊಂಡೆ. ಓದದೇನೇ ಜನ ಓದಿಲ್ಲ ಅಂದಿದ್ದು ಯಾರ ತಪ್ಪು ಅಂತ ನೀವು ಹೇಳಿ."

"ಇಷ್ಟು ದಪ್ಪದ್ದನ್ನ ಯಾರು ಹೊರ್ತಾರೆ ಈಗ?" ಎಂದಷ್ಟೇ ಆತ ಗೊಣಗಿದ.

ಮೇಜಿನ ಮುಂದೆ ಆಗಲೇ ಸ್ಟೇರಿಂಗ್ ಮಾವ ಕಾರ್ಡು ಹಿಡಿದು ನಿಂತಿದ್ದ. "ಕೋಟೆ ಪುಸ್ತಕ ಬರ್ಕೊಳ್ಳಿ ಸಾರ್. ಮೊದಲನೇ ಭಾಗ ಮರೆತೋಗೈತೆ."

ಅಧಿಕಾರಿ ಒಂದು ಕೈಯಲ್ಲಿ ಎತ್ತಲು ಹೋಗಿ, ಆಗದೆ, ಎರಡು ಕೈ ಹಾಕಿದ. ದಾರದಕ್ಕ ನೋಡುತ್ತ ನಿಂತಿದ್ದಳು. ಸಿಟ್ಟು ಇನ್ನೂ ಇಳಿದಿರಲಿಲ್ಲ. "ನಿಧಾನ ಸಾರ್" ಎಂದಳು, "ಬೆನ್ನಿನ ಅಂಟು ಇನ್ನೂ ಹಸಿ ಇದೆ."